ಪಕ್ಕೆಯ ಹೊಲಿಗಿ

ಡ್ಯಾಮಿನ ಬುಡಕ್ಕ, ಮುನಿರಾಬಾದಿನಾಗ
ಹನ್ನೊಂದು ಸಿಮೆಂಟಿನ ತೊಟ್ಟಿ. ನನ್ನ ಪಾಲಿಗೆ ಏಳನೇದು.
ಬೆರಳುದ್ದದ ರೋಹು ಮರಿ, ಲೆಕ್ಕಕ್ಕ ಎರಡು ಸಾವಿರ.
ಎಣಿಸಿದಾಕಿ ನಾನಽ, ಜಾಳಿಗಿಯಿಂದ ಎತ್ತಿ ಎತ್ತಿ,
ತಪ್ಪಿದ್ರ ಹತ್ತೋ ಇಪ್ಪತ್ತೋ ತಪ್ಪಿರಬೇಕು.

ಒಂದು ರಾತ್ರಿ ಕರೆಂಟು ಹೋತು.
ಅಮಾಸಿ. ತೊಟ್ಟಿ ಯಾವುದು, ನೆಲ ಯಾವುದು ತಿಳಿವಲ್ದು.
ಬ್ಯಾಟರಿ ಹಾಕಿ ಬಗ್ಗಿ ನೋಡಿದೆ:
ಗುಂಪು ಮುರಿದಿಲ್ಲ. ನಡುವ ಅಷ್ಟಽ ಸಂದು, ಅಷ್ಟಽ ಸಾಲು,
ಹಗಲಾಗ ಹೆಂಗೋ ಹಂಗಽ.
ಇಷ್ಟು ಹೊತ್ತು ಆ ಕತ್ತಲಾಗ
ಪಕ್ಕದಾಗ ಯಾರದಾರ, ಎಷ್ಟು ದೂರದಾಗ ಅದಾರ
ಅಂತ ಇವಕ್ಕ ಹೇಳಿದವರು ಯಾರು?

ಕಾಲೇಜಿನ ಹುಡುಗಿ ಬಂದಿದ್ಲು, ನಿಲೋಫರ್, ಗಂಗಾವತಿಯಾಕಿ.
ಅಂಗೈ ಒದ್ದಿ ಮಾಡಿಕೊಂಡು ಒಂದು ಮರಿ ಹಿಡಿದು ತೋರಿಸಿದ್ಲು:
ಕಿವಿರಿನಿಂದ ಬಾಲದ ತನಕ, ಪಕ್ಕೆ ಮ್ಯಾಲ,
ಚುಕ್ಕಿ ಚುಕ್ಕಿ ಗೆರಿ.
ಇದು ಕೌದಿ ಹೊಲಿಗಿ, ಅಂದೆ ನಾನು.
ನಮ್ಮವ್ವ ಹರಕು ಸೀರಿ ಮ್ಯಾಲ ಹರಕು ಸೀರಿ ಹಾಸಿ
ಓಡಿಸತಿದ್ದಳಲ್ಲ, ಅಂಥಾದ್ದು,
ದಾರ ಮುಳುಗಿ, ಎದ್ದು, ಮುಳುಗಿ.
ಹುಡುಗಿ ನಕ್ಕಳು. ಚುಕ್ಕಿ ಅಲ್ಲಬೇ, ತೂತು.
ತೂತಿನಾಗ ಕಣ್ಣಿಗೆ ಕಾಣದಂಥಾ ರೋಮ.
ಪಕ್ಕದ ಮೀನು ಬಾಲ ಬೀಸಿದ್ರ ನೀರು ತಳ್ಳತೈತಿ,
ತಳ್ಳಿದ ನೀರು ರೋಮ ಬಗ್ಗಸತೈತಿ,
ಬಗ್ಗಿದ್ದಽ ಸುದ್ದಿ.

ಪಕ್ಕದಾಕಿನ್ನ ಪಕ್ಕೆಯಿಂದ ತಿಳಿಯೂದು.
ಬಾಯಾಗ ಇದ್ದ ಮಾತಽ ಇದು,
ಬಿಚ್ಚಿ ನೋಡಿರಲಿಲ್ಲ.

ಆಮ್ಯಾಲ ಒಂದು ಟಬ್ಬಿನ ಮರಿಗೆ ಆಕಿ ಔಷಧ ಹಾಕಿದ್ಲು.
ಸಾಯೂದಿಲ್ಲ ಅಂದ್ಲು, ಗೆರಿ ಅಷ್ಟು ಕಿವುಡಾಗತೈತಿ.
ಹಗಲು ಕಣ್ಣಿಂದ ಹೆಂಗೋ ಸಂಭಾಳಿಸಿದವು,
ಒತ್ತಿ ಒತ್ತಿ, ಸಂತಿಯಾಗ ಸೆರಗು ಹಿಡಿದ ಕೂಸಿನಂಗ.
ರಾತ್ರಿಗೆ ಢಿಕ್ಕಿ. ಮೂತಿಗೆ ಬಾಲ, ಬಾಲಕ್ಕ ಮೂತಿ,
ಟಬ್ಬಿನ ಗ್ವಾಡಿಗೆ ಟಪ್, ಟಪ್.
ಸಣ್ಣ ಸಪ್ಪಳ. ನನಗ ನಿದ್ದಿ ಹತ್ತಲಿಲ್ಲ.

ಆರನೇ ತೊಟ್ಟಿ ಗಾಳೆಮ್ಮಂದು. ನನ್ನ ನೆಗೆಣ್ಣಿ.
ಮಾತು ಬಿಟ್ಟು ನಾಕು ವರ್ಷ, ಅತ್ತಿಯ ತಾಮ್ರದ ಹಂಡೆ ಸಲುವಾಗಿ.
ಈಗದು ತೂತು ಬಿದ್ದು ಆಕಿ ಹಿತ್ತಲಾಗ ಕುಂತೈತಿ,
ಕೊತ್ತಂಬರಿ ಹಾಕ್ಯಾಳ, ಗ್ವಾಡಿ ಮ್ಯಾಲಿಂದ ಕಾಣತೈತಿ.
ಆದ್ರ ದೊಡ್ಡ ಹೊಂಡಕ್ಕ ಬಲಿ ಎಳಿಯೂದು ನಾವಿಬ್ಬರಽ.
ಆ ದಂಡಿಗೆ ಆಕಿ, ಈ ದಂಡಿಗೆ ನಾನು, ಎದಿಮಟ ನೀರು.
ಆಕಿ ಹೆಜ್ಜಿ ಕಿತ್ತಿದ್ದು
ಹಗ್ಗಕ್ಕಿಂತ ಮೊದಲು ನನ್ನ ಹೊಟ್ಟಿಗೆ ಬಂದು ತಟ್ಟತೈತಿ.
ಎತ್ತು ಅನ್ನಾಂಗಿಲ್ಲ ಯಾರೂ.
ಎತ್ತತೇವಿ.

ಹದಿನಾರು ದಿನ ಆದವು. ನಿಲೋಫರ್ ವಹಿ ಮುಚ್ಚಿ ಹೋಗಿದ್ಲು.
ರೋಮ ಮತ್ತ ಹುಟ್ಟತಾವ ಅಂದಿದ್ದು
ನಾ ಅಷ್ಟು ನಂಬಿರಲಿಲ್ಲ.
ಬ್ಯಾಟರಿ ಹಚ್ಚಲಿಲ್ಲ. ಮೊಣಕೈ ಮಟ ಕೈ ಇಳಿಬಿಟ್ಟೆ.
ಏನಿಲ್ಲ, ಏನಿಲ್ಲ.
ಆಮ್ಯಾಲ ನೀರು ಒಂದು ಬದಿಗೆ ವಾಲಿತು.
ಇಡೀ ಗುಂಪು ನನ್ನ ತೋಳು ಬಳಸಿಕೊಂಡು ಹೋತು,
ಒಂದೂ ತಗಲಲಿಲ್ಲ.

ಮರುದಿನ ಹೊಂಡದಾಗ, ಪಾಚಿ ಮ್ಯಾಲ, ಕಾಲು ಜಾರಿತು.
ಅಯ್ ಅನ್ನಾಕ ಬಾಯಿ ತೆರೀಬೇಕು,
ಅಷ್ಟರಾಗ ಹಗ್ಗ ಸಡಿಲಾಗಿತ್ತು,
ಗಾಳೆಮ್ಮ ಎರಡು ಹೆಜ್ಜಿ ಈ ಕಡೆ ಬಂದಿದ್ಲು.
ಮುಖ ಮಾತ್ರ ಆ ಕಡೆನಽ ಇತ್ತು,
ಡ್ಯಾಮಿನ ಗೇಟು ಎಣಿಸಾಕಿ ಹಂಗ.