ಊರುಗೋಲಲ್ಲ

ಮೊದಲ ದಿನವೇ ಕೋಲು ಕಸಿದುಕೊಂಡಳು ಬಾರ್ಬಾರೆ.
ಇಪ್ಪತ್ತರ ಹುಡುಗಿ, ಜುಂಬೇರನ ಮಗಳ ಗೆಳತಿ,
ಎರಡನ್ನೂ ಹಿಮದಲ್ಲಿ ಗೂಟದ ಹಾಗೆ ನೆಟ್ಟು
'ಇವು ಇಲ್ಲೇ ಇರಲಿ, ನೀವು ಹೊರಡಿ' ಎಂದಳು.

ಐವತ್ತೊಂದು ಅವನಿಗೆ.
ಮೆಸ್ತಿಯಾದ ಚೌಕದಿಂದ ಈ ಇಳಿಜಾರಿನ ಬುಡಕ್ಕೆ
ಇಪ್ಪತ್ತು ಚಳಿಗಾಲ ವ್ಯಾನು ಓಡಿಸಿದವನು,
ಊರೂರಿನವರ ಸ್ಕೀಗಳನ್ನು ನೆತ್ತಿಯ ಕಂಬಿಗೆ ಬಿಗಿದವನು,
ಒಮ್ಮೆಯೂ ಮೇಲೆ ಹತ್ತದವನು.
ಹಿಡಿಯಲು ಏನಾದರೂ ಇದ್ದೇ ಇತ್ತು ಕೈಗೆ:
ಸ್ಟೀರಿಂಗು, ಗೇರು, ಚಿಲ್ಲರೆ, ಸಿಗರೇಟು.
ಈಗ ಎರಡು ಖಾಲಿ ಕೈ,
ಪರಿಚಯದವರಿಲ್ಲದ ಮದುವೆಮನೆಗೆ ಬಂದು
ಎಲ್ಲಿ ನಿಲ್ಲಬೇಕೋ ತಿಳಿಯದವರ ಹಾಗೆ.

'ಕುರುಡನ ಕೋಲು ಕಿತ್ತುಕೊಂಡೆಯಲ್ಲೇ' ಎಂದ.
'ಕಣ್ಣು ಅಂಗಾಲಲ್ಲಿದೆ ಮಾವ, ಹುಡುಕಿಕೊಳ್ಳಿ.'

ಬಿದ್ದ.
ಎಡಕ್ಕೆ ಬಿದ್ದ, ಬಲಕ್ಕೆ ಬಿದ್ದ, ನಿಂತಲ್ಲೇ ನಿಂತು ಬಿದ್ದ.
ಪಕ್ಕದಲ್ಲಿ ಐದು ವರ್ಷದ ಪೋರರು,
ಕೋಲೆಂಬುದನ್ನೇ ಇನ್ನೂ ಮುಟ್ಟದವರು,
ಚೆಲ್ಲಿದ ಸಾಸಿವೆಯಂತೆ ಸರ್ರನೆ ಇಳಿದರು.
ಒಬ್ಬಳು ಮಾತ್ರ ನಿಂತು, ಮೂಗು ಒರೆಸಿಕೊಂಡು,
ಅವನು ಏಳುವ ತನಕ ನೋಡಿ
ಆಮೇಲೆ ಹೋದಳು.

ಎರಡನೆಯ ದಿನ ಕೈಗೊಂದು ಟ್ರೇ ಬಂತು, ಕ್ಯಾಂಟೀನಿನದು,
ಸೊಟ್ಟ ಅಂಚಿನ ತಗಡು. ಮೇಲೊಂದು ಲೋಟ, ಲೋಟದಲ್ಲಿ ಚಹಾ.
'ಬೀಗರಿಗೆ ಕೊಟ್ಟು ಬನ್ನಿ.'
ಕೈ ಮುಂದೆ, ಮಂಡಿ ಮೆತ್ತಗೆ,
ನೋಟ ಚಹಾದ ಮೇಲಲ್ಲ, ಬೀಗರ ಮೇಲೆ.
ಬೀಗರೆಂದರೆ ಕೆಳಗಿನ ಪೈನ್ ಮರ.
ಮರುದಿನ ಸಂಜೆಗೆ ಅರ್ಧ ಲೋಟ ಉಳಿಯಿತು.
ತಣ್ಣಗಿತ್ತು. ಕುಡಿದ.

ನಾಲ್ಕನೆಯ ದಿನ ಕೋಲು ಮರಳಿದವು.
ಸಿಕ್ಕಿದ್ದೇ ತಡ, ಮೈಭಾರವನ್ನೆಲ್ಲ ಅವುಗಳ ಮೇಲೆ ಹೇರಿದ,
ಸಾಲಗಾರ ಜಾಮೀನಿನವನ ಮೇಲೆ ಹೇರುವಂತೆ.
ಕೋಲು ಬಾಗಿತು. ಸ್ಕೀ ತನ್ನ ಪಾಡಿಗೆ ಹೊರಟುಹೋಯಿತು.
'ಊರಿ ಮಾವ, ಊರಿಕೊಳ್ಳಬೇಡಿ!
ಸುಮ್ಮನೆ ಮುಟ್ಟಿಸಿ, ಮಗು ಮಲಗಿರುವ ಮನೆಯ
ಕದ ತಟ್ಟುವಷ್ಟು. ಆಮೇಲೆ ತಿರುಗಿ.'

ತಿರುಗಿಸುವುದು ಕಾಲಾದರೆ ಈ ಕಡ್ಡಿ ಏತಕ್ಕೆ?

ವ್ಯಾನಿನಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದ.
ಕೆಳಗಿನ ರಸ್ತೆಯಲ್ಲಿ ಯಾರದೋ ಲಾರಿ
ಕುರುಡು ತಿರುವಿಗೆ ಬಂದು
ಪೋಂ ಎಂದಿತು, ಒಂದೇ ಸಲ.

ಹಾರನ್ನು ಲಾರಿಯನ್ನು ತಿರುಗಿಸುವುದಿಲ್ಲ.
ಬಂದೆ, ಎನ್ನುತ್ತದೆ ತಿರುವಿಗೆ. ಅಷ್ಟೇ.
ಅಂದ ಮೇಲೆ
ಬಾರದೆ ವಿಧಿಯಿಲ್ಲ ಡ್ರೈವರಿಗೆ.

ರೊಟ್ಟಿ ಅಲ್ಲೇ ಉಳಿಯಿತು.

ಎಡಗೋಲು ಟಿಕ್: ಬಂದೆ.
ಬಲಗೋಲು ಟಿಕ್: ಬಂದೆ.
ಮೇಲೆ ನಿಂತ ಬಾರ್ಬಾರೆಗೆ ಕಂಡದ್ದು
ಬಿಳಿ ಅಂಗಳದಲ್ಲಿ ಒಂದೊಂದೇ ಚುಕ್ಕಿ,
ಚುಕ್ಕಿಯನ್ನು ಬಳಸಿ ಹೋದ ಎಳೆ.
ಸೊಟ್ಟ, ಹೌದು. ಎರಡು ಕಡೆ ಅಳಿಸಿಯೂ ಇತ್ತು,
ಅಲ್ಲಿ ಮನುಷ್ಯನಷ್ಟು ದೊಡ್ಡ ಗುಂಡಿ.

ಕೊನೆಯ ಇಳಿತಕ್ಕೆ ಪಟ್ಟಿ ತೊಡಲು ಮರೆತ.
ಬಲಗೋಲು ಜಾರಿ ಕಂದರ ಸೇರಿತು;
ಹಿಮ ಕರಗಿದ ಮೇಲೆ ಸಿಕ್ಕೀತು ದನ ಮೇಯಿಸುವವರಿಗೆ.
ಎದುರಿಗೆ ತಿರುವು. ನಿಲ್ಲಲು ಹೊತ್ತಿಲ್ಲ.
ಬರಿಗೈ
ಗಾಳಿಯನ್ನೇ ಒಂದು ಸಲ ಮುಟ್ಟಿತು.

ಕಾಲು ತಿರುಗಿದವು.