ಎದುರು ಪಕ್ಷದ ಅರ್ಥಧಾರಿ

ಸಾಗರದ ಕೋರ್ಟಿನೆದುರು ತಗಡಿನ ಚಪ್ಪರ.
ಬೆಂಚು ನನ್ನದು, ಮೆಷಿನ್ನು ನನ್ನದು.
ಊರವರ ಸಂಕಟಕ್ಕೆಲ್ಲ ಎಡಕ್ಕೆ ಮಾರ್ಜಿನ್ ಬಿಟ್ಟು
ಮೂವತ್ತೊಂಬತ್ತು ವರ್ಷ ಟೈಪು ಮಾಡಿದವಳು.
ಈಗ ಪಕ್ಕದಲ್ಲೇ ಕಂಪ್ಯೂಟರ್ ಹುಡುಗರು;
ನನಗೆ ಉಳಿದವರು ಹೊಳಿಯಪ್ಪನಂಥವರು,
ತಮ್ಮ ಕೇಸಿಗಿಂತ ಸ್ವಲ್ಪವೇ ಹಿರಿಯರು.

ಹಿನ್ನೀರು ಇಳಿದು
ನೆಲ್ಲಿಸರದ ಬೊಡ್ಡೆಗಳು ಬಿಸಿಲಿಗೆ ಮೇಲೆದ್ದ ವಾರ
ದಿಲ್ಲಿಯಲ್ಲಿ ಅವರ ನಂಬರು ಕೂಗಿದರು.
ಮೊಮ್ಮಗಳ ಫೋನನ್ನು ರಿಬ್ಬನ್ ಡಬ್ಬಕ್ಕೆ ಒರಗಿಸಿ
ಮೂವರೂ ಬಗ್ಗಿ ಕೂತೆವು.

"ಯಾರದು, ನಿಂತವ?"
"ಅಡಿಷನಲ್ ಸಾಲಿಸಿಟರ್ ಜನರಲ್."
"ಅಂದ್ರೆ ಎಂತ?"
ಎಂತ ಅನ್ನಲಿ. ಸರ್ಕಾರಕ್ಕೆ ಕೈ ಉಂಟು, ಸೀಲು ಉಂಟು,
ಹೊಳೆಗೆ ಅಡ್ಡ ನಿಲ್ಲುವಷ್ಟು ಎದೆ ಉಂಟು,
ಬಾಯಿ ಮಾತ್ರ ಕಡ ತರಬೇಕು.
ಅಟಾರ್ನಿ ಅಂತ ಒಬ್ಬರು, ಎಲ್ಲರಿಗಿಂತ ಮೇಲೆ,
ಆಮೇಲೆ ಸಾಲಿಸಿಟರ್, ಆಮೇಲೆ ಇಂಥವರು ಕೆಲವರು.

ಹೊಳಿಯಪ್ಪ ತಾಳಮದ್ದಲೆಯಲ್ಲಿ
ವಾಲಿಯ ಅರ್ಥ ಹೇಳಿ ಹೇಳಿ ಗಂಟಲು ಒಡೆದವ.
"ಗೊತ್ತಾತು ಬಿಡು. ಕಿರೀಟ ಇಲ್ಲ, ಬಣ್ಣ ಇಲ್ಲ.
ಕೊಟ್ಟ ಪಾತ್ರಕ್ಕೆ ಕೂತಲ್ಲೇ ಮಾತು ಹೊಂದಿಸೋದು."
"ಕರೀ ಗೌನು ಐತಲ್ಲ ಅಜ್ಜ?"
"ಅದು ಶಾಲು."

ಆತ ಇಂಗ್ಲಿಷಿನಲ್ಲಿ, ತಣ್ಣಗೆ,
ಒತ್ತುವರಿದಾರರು ಎಂದ. ಮೂರು ಸಲ.
ನಾನು ಒಂದೇ ಸಲ ಕನ್ನಡ ಮಾಡಿದೆ.

ಆಮೇಲೆ ನಿಲ್ಲಿಸಿದ. ನೀರು ಕುಡಿದ.
ಹಿಂದೆ ಕೂತ ಇಲಾಖೆಯವರು ಯಾರೋ
ಗೌನಿನ ಅಂಚು ಹಿಡಿದು ಜಗ್ಗಿದರು;
ತಿರುಗದೆಯೇ ಬಿಡಿಸಿಕೊಂಡ.
"ಕಡತದಲ್ಲಿ ಇನ್ನೊಂದು ಪುಟ ಇದೆ.
ನಮಗೆ ವಿರುದ್ಧವಾದದ್ದು. ಅರ್ಜಿದಾರರಿಗೆ ಸಿಕ್ಕಿಲ್ಲ.
ನನಗೆ ಸಿಕ್ಕಿದೆ. ತೋರಿಸದೆ ಕೂರಲಾರೆ."

ಪುಟ ತೆರೆಯ ತುಂಬ ಬಂತು.
ತಾಲೂಕು ಕಚೇರಿಯ ಹಳದಿ ಹಾಳೆ:
ಮುಳುಗಡೆಯಿಂದ ಎದ್ದವರನ್ನು ಈ ಸರ್ವೆ ನಂಬರಿನಲ್ಲಿ
ಸರ್ಕಾರವೇ ತಂದು ಕೂರಿಸಿದೆ, ಎಂದು.

ನನಗೆ ಓದಬೇಕಿರಲಿಲ್ಲ.
ದಿನಗೂಲಿಗೆ ಅಲ್ಲಿ ಕೂತ ಮೊದಲ ಬೇಸಿಗೆ,
ಬೆಂಚಿನಿಂದ ಬಿದ್ದು ಸೊಟ್ಟಗಾದ ಕಡ್ಡಿ,
ಅಂದಿನಿಂದ ಈ ಮೆಷಿನ್ನಿನ ಳ
ಗೆರೆಗಿಂತ ಒಂದು ಕೂದಲು ಮೇಲೆ ಬೀಳುತ್ತದೆ.
ಕಚೇರಿ ಹರಾಜು ಹಾಕಿದಾಗ ಇದನ್ನೇ ಕೊಂಡೆ.
ಮುಳುಗಡೆ ಎಂದು ಹೊಡೆದ ಕಡೆಯೆಲ್ಲ
ನಡುವಿನ ಅಕ್ಷರ ಮುಳುಗದೆ
ತೇಲುತ್ತಿತ್ತು, ದಿಲ್ಲಿಯಲ್ಲಿ.

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ
ಆತ "ಆದಾಗ್ಯೂ" ಎಂದ,
ಮತ್ತೆ ನಲವತ್ತು ನಿಮಿಷ
ನಮ್ಮ ವಿರುದ್ಧವೇ ವಾದಿಸಿದ. ಚೆನ್ನಾಗಿಯೇ ವಾದಿಸಿದ.

ಮೊಮ್ಮಗಳಿಗೆ ಸಿಟ್ಟು. "ತೋರಿಸಿದ್ಮೇಲೂ?"
ಹೊಳಿಯಪ್ಪ ಎಲೆಗೆ ಸುಣ್ಣ ಸವರುತ್ತ,
"ಅವನ ಪಾತ್ರ ಅದಲ್ದ ಮಗ.
ಎದುರಿನವನ ಪದ ನುಂಗಿಹಾಕಿ ಗೆದ್ದೋರನ್ನ
ನಾನು ಬೇಕಾದಷ್ಟು ನೋಡೀನಿ.
ಇವನ ಎದುರಿಗೆ ಒಂದು ರಾತ್ರಿ ಕೂರ್ಬೇಕಿತ್ತು."

"ಗೆಲ್ತೀವಾ ಅಜ್ಜ?"
ಬಾಯಿ ತುಂಬ ಎಲೆ. ಉತ್ತರವಿಲ್ಲ.
ತೀರ್ಪು ಕಾಯ್ದಿರಿಸಿದ್ದಾರೆ.

ಶಿವಮೊಗ್ಗದಿಂದ ವರ್ಷಕ್ಕೊಮ್ಮೆ ಬರುವ ರಿಪೇರಿಯವ
ನಿನ್ನೆ ಬಂದಿದ್ದ. ಎಣ್ಣೆ ಬಿಡು, ರಿಬ್ಬನ್ ಹಾಕು,
ಸೀಮೆಎಣ್ಣೆಯಲ್ಲಿ ಅಕ್ಷರ ತೊಳೆ, ಎಂದೆ.
ಳ ಮುಟ್ಟಬೇಡ.