ಮಾಯಬಾರದ ಗಾಯ

ಬಿರಿವಾದಲ್ಲಿ ಮಂಗಳವಾರ ದೋಣಿ ಇಳಿಸುವಂತಿಲ್ಲ,
ಅಂದು ಕಡಲಿಗೆ ರಜೆ.
ಅದಕ್ಕೇ ಮೀನುಗಾರರ ಕಣ್ಣುಗಳೆಲ್ಲ
ಮಂಗಳವಾರವೇ ಬರುತ್ತವೆ ನಮ್ಮ ಟೇಬಲ್ಲಿಗೆ.

ಇವತ್ತಿನವನ ಹೆಸರಿಗೂ ಅದೇ ವಾರ:
ಕೊಬಿನಾ ಎಜಿರ್. ಅರವತ್ತೆರಡು. ಗ್ಲಾಕೋಮಾ.
ಬಲಗಣ್ಣು ಆಗಲೇ ಆರಿದೆ,
ಎಡದಲ್ಲಿ ಉಳಿದದ್ದು ಕೊಳವೆಯಷ್ಟು ಬೆಳಕು.
"ನಲವತ್ತು ವರ್ಷ ಬಲೆಯ ತೂತು ಹೊಲಿದೆ, ಸಿಸ್ಟರ್,
ಈಗ ನನ್ನ ಕಣ್ಣಿಗೇ ತೂತು ಹಾಕ್ತೀರಂತೆ."
ಹೌದಪ್ಪಾ. ಹಾಕಿ, ಮುಚ್ಚದ ಹಾಗೆ ಕಾಯುತ್ತೇವೆ.

ಅದೇ ಕಷ್ಟ.
ದೇಹಕ್ಕೆ ಗೊತ್ತಿರುವುದು ಒಂದೇ ಕಸುಬು.
ಮೊಣಕಾಲು ತರಚಲಿ, ಹೊಕ್ಕುಳಬಳ್ಳಿ ಕತ್ತರಿಸಲಿ,
ಕರೆಯದೆ ಬಂದು ಕೂತು ನೇಯುತ್ತದೆ.
ಕಣ್ಣಿನ ಬಿಳಿಗೋಡೆಗೆ ನಾವು ಕೊರೆದ ಕಿಂಡಿಯನ್ನೂ
ಗಾಯವೆಂದೇ ನಂಬಿ ಮಾಯಿಸಿಬಿಡುತ್ತದೆ.
ಒಳಗಿನ ನೀರು ಮತ್ತೆ ಒತ್ತುತ್ತದೆ, ನರ ಒಣಗುತ್ತದೆ.
ಇಷ್ಟೊಂದು ಒಳ್ಳೆಯತನ ತಡೆಯಲು
ತುಸು ವಿಷವೇ ಬೇಕು.

ಡಾಕ್ಟರ್ ಆಬಾಕಾ ಕೈಚಾಚಿದರು.
ಕೊಟ್ಟೆ: ಅಕ್ಕಿಕಾಳಿನಷ್ಟು ಸ್ಪಂಜಿನ ಚೂರು, ಮೂರು,
ನೇರಳೆ ಹಣ್ಣು ತಿಂದು ಬಾಯಿ ಮುಕ್ಕಳಿಸಿದ ನೀರಿನ
ಬಣ್ಣದ ಮದ್ದಿನಲ್ಲಿ ಅದ್ದಿ.
ಪೊರೆಯಡಿಗೆ ಜಾರಿಸಿ "ಸಮಯ" ಎಂದರು.
ಗಡಿಯಾರ ನನ್ನ ಪಾಲಿಗೆ.

ಎರಡು ನಿಮಿಷ.
ಕಿಟಕಿಯಾಚೆ ಜನರೇಟರು ಗೊರಕೆ ಹೊಡೆಯುತ್ತಿದೆ.
ಮದ್ದು ಇಳಿಯುತ್ತಿದೆ, ಸದ್ದಿಲ್ಲದೆ,
ಬಿಳಿಗೋಡೆಯ ನಾರು ನಾರಿನ ನಡುವೆ.
ಎಲ್ಲಿ ನಿಲ್ಲಬೇಕೆಂದು ಯಾರೂ ಅದಕ್ಕೆ ಹೇಳಿಕೊಟ್ಟಿಲ್ಲ.
ಕಡಿಮೆ ಹೀರಿದರೆ ಕಿಂಡಿ ಕಟ್ಟೀತು,
ಹೆಚ್ಚಾದರೆ ಗೋಡೆಯೇ ತೆಳುವಾಗಿ
ಕಣ್ಣು ಬಾಡೀತು, ಎಕುವಾಳದ್ದರ ಹಾಗೆ.

ಎಕುವಾ. ಹೋದ ವರ್ಷ. ಮೀನು ಹೊಗೆಯಲ್ಲಿಟ್ಟು ಮಾರುತ್ತಿದ್ದವಳು.
ಅಂದು ಚಿಮಟವೊಂದು ಜಾರಿ ಬಿತ್ತು, ನಾನು ಬಗ್ಗಿದೆ,
ತಲೆಯೆತ್ತಿದಾಗ ಮುಳ್ಳು ಎಲ್ಲಿತ್ತು?
"ನಿನ್ನಿಂದಲೇ ಎನ್ನಲಾಗದು" ಎಂದರು ಡಾಕ್ಟರ್.
ಎನ್ನಲಾಗದು, ಸರಿ.
ಅಲ್ಲ ಎನ್ನಲೂ ಆಗದು.
ಅಂದಿನಿಂದ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು
ಮುಳ್ಳನ್ನೇ ನೋಡುತ್ತೇನೆ.

ನೂರಹದಿನೆಂಟು. ನೂರಹತ್ತೊಂಬತ್ತು. ತೆಗೆಯಿರಿ.
ಬಾಟಲಿಗಟ್ಟಲೆ ಉಪ್ಪುನೀರು ಸುರಿದು ತೊಳೆದೆವು.
ಮೂರು ಹೋದವು, ಮೂರು ಬಂದವು. ಮತ್ತೆ ಎಣಿಸಿದೆ. ಮೂರು.

ಆಮೇಲೆ ಸಣ್ಣ ಸೂಜಿ ಇಳಿಸಿ
ಪಾಪೆಯ ಮುಂದಿನ ನೀರು ಒಂದೆರಡು ಹನಿ:
ಒಳಗೆ ಎಷ್ಟು ಮದ್ದು ಸೇರಿದೆ ಎಂದು ತಿಳಿಯಬೇಕಂತೆ ಅಕ್ರಾದವರಿಗೆ.
ಶೀಶೆಗೆ ತುಂಬಿ, ಮೀನಿನ ಮಂಡಿಯಿಂದ ತಂದ ಐಸಿನಲ್ಲಿ ಹುಗಿದು
ಸಂಜೆಯ ಬಸ್ಸಿಗೆ ಕೊಟ್ಟೆವು.
ಡ್ರೈವರ್ ಮೂಸಿ ನೋಡಿ ನಕ್ಕ.
ತಿಂಗಳಾದ ಮೇಲೆ ಒಂದು ಸಂಖ್ಯೆ ಬರುತ್ತದೆ,
ಚುಕ್ಕಿಯ ಆಚೆ ಸೊನ್ನೆಗಳ ಸಾಲು,
ಸಾಲಿನ ಕೊನೆಗೆ ಏನೋ ಒಂದು.
ನಾನು ಎಷ್ಟು ಹೊತ್ತು ಬಗ್ಗಿದ್ದೆ ಎಂದು ಅದು ಹೇಳುವುದಿಲ್ಲ.

ಬುಧವಾರ ಬೆಳಿಗ್ಗೆ ಪಟ್ಟಿ ಬಿಚ್ಚಿದೆ.
ರೆಪ್ಪೆಯಡಿ ನೀರಗುಳ್ಳೆಯೊಂದು ಮೆತ್ತಗೆ ಎದ್ದಿತ್ತು,
ನೀರು ದಾರಿ ಕಂಡುಕೊಂಡಿತ್ತು.
ಅವನ ಬೆರಳು ಹೊದಿಕೆಯ ಹರಿದ ಅಂಚನ್ನು
ಆಗಲೇ ಹುಡುಕಿ ಗಂಟು ಹಾಕುತ್ತಿದೆ.
"ಮಾಯುತ್ತದಾ, ಸಿಸ್ಟರ್?"
"ಇಲ್ಲ" ಎಂದೆ,
ಎಷ್ಟು ಸಂತೋಷದಿಂದ ಎಂದರೆ
ಪಕ್ಕದ ಹಾಸಿಗೆಯವಳು ಗಾಬರಿಯಾಗಿ ತಿರುಗಿ ನೋಡಿದಳು.